ಕಾಫಿ ಸೀಮೆಗೆ ಬಂತು ಹೊಸ ‘ಪೂಲ್’: ಮಿಕ್ಸಿ ಕೊಂಡರೆ ವಿಮಾನದ ಮೈಲು!

ಚಿಕ್ಕಮಗಳೂರು ಜಿಲ್ಲೆಗೆ ರೈಲು ಬಂದದ್ದು ಹಳೇ ಕಥೆ. ಜಿಲ್ಲಾ ಕೇಂದ್ರಕ್ಕೆ ರೈಲು ಬಂದದ್ದು ಮಾತ್ರ 2013ರಲ್ಲಿ. ವಿಮಾನ ಇನ್ನೂ ಬಂದಿಲ್ಲ. ಕಳಸದವರು ವಿಮಾನ ಹತ್ತಬೇಕೆಂದರೆ ಕುದುರೆಮುಖದ ಮೇಲೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಮೂಡಿಗೆರೆಯವರಿಗೆ ಚಾರ್ಮಾಡಿ. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಬಂದ್. ಉಳಿದದ್ದು ಬೆಂಗಳೂರು, ಅಥವಾ 2023ರಲ್ಲಿ ಶುರುವಾದ ಶಿವಮೊಗ್ಗದ ನಿಲ್ದಾಣ.

ವಿಮಾನ ಇಲ್ಲದಿದ್ದರೇನಂತೆ, ವಿಮಾನದ ಮೈಲು ಮಾತ್ರ ಈ ಗುಡ್ಡಗಳಿಗೂ ಬಂದಿದೆ. ಮಿಕ್ಸಿ ಕೊಂಡರೆ ಮೈಲು, ಮೊಬೈಲ್ ಕೊಂಡರೆ ಮೈಲು, ಮೊಮ್ಮಗುವಿನ ಬಟ್ಟೆ ಕೊಂಡರೂ ಮೈಲು. ಮನೆ ಬಿಟ್ಟು ಕದಲದೆ ಕೂತಲ್ಲೇ ಮೈಲು ಕೂಡುವ ಈ ವಿದ್ಯೆಯನ್ನು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ತೋಟದ ಮನೆಗೆ ಫೋನಿನಲ್ಲೇ ಕಲಿಸುತ್ತಿದ್ದಾರೆ.

“ಅಪ್ಪ, ಸೀದಾ ಅಂಗಡಿ ಆ್ಯಪಿಗೆ ಹೋಗ್ಬೇಡಿ. ನಾನು ಕಳ್ಸಿರೋ ಲಿಂಕ್ ಒತ್ತಿ ಅಲ್ಲಿಂದ ಹೋಗಿ” ಅಂತಾನೆ ಮಗ. “ಯಾವ ಬಾಗಿಲಿಂದ ಹೋದ್ರೂ ಅದೇ ಅಂಗಡಿ ಅಲ್ವೇನೋ?” ಅಂತಾರೆ ಅಪ್ಪ. ಅಂಗಡಿ ಅದೇ. ಆದರೆ ಬಾಗಿಲಿಗೆ ಬೇರೆ ಯಜಮಾನ ಇದ್ದಾನೆ. ಗುಟ್ಟು ಇರುವುದು ಅಲ್ಲಿಯೇ.

ಬಾಗಿಲು ಕಾಯುವ ದಲ್ಲಾಳಿ

ಶಾಪಿಂಗ್ ಪೋರ್ಟಲ್ ಅಂದರೆ ಒಂದು ಥರದ ದಲ್ಲಾಳಿ ಮಂಡಿ. ಅದರಲ್ಲಿ ಮಾಲು ಇರುವುದಿಲ್ಲ. ಗಿರಾಕಿಯನ್ನು ಆನ್‌ಲೈನ್ ಅಂಗಡಿಗೆ ಕಳಿಸಿಕೊಡುವುದು ಅದರ ಕಸುಬು. ಅಲ್ಲಿ ವ್ಯಾಪಾರ ಕುದುರಿದರೆ ಅಂಗಡಿಯವನು ದಲ್ಲಾಳಿಗೆ ಕಮಿಷನ್ ಕೊಡುತ್ತಾನೆ. ದಲ್ಲಾಳಿ ತನ್ನ ಕಮಿಷನ್ನಿನಲ್ಲಿ ಒಂದು ಪಾಲನ್ನು ಗಿರಾಕಿಗೆ ಬಿಡುತ್ತಾನೆ. ಅದು ರೊಕ್ಕವಾಗಿ ಬರುವುದಿಲ್ಲ, ಪಾಯಿಂಟಾಗಿ ಬರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ ಕಟ್ಟಿದರೆ ಕಾರ್ಡಿನ ಪಾಯಿಂಟು ಬೇರೆ. ಕೂಡಿದ ಪಾಯಿಂಟನ್ನು ವಿಮಾನ ಕಂಪನಿಯ ಕ್ಲಬ್ಬಿಗೆ ವರ್ಗ ಮಾಡಿದರೆ ಅದೇ ಮೈಲು.

ಅಮೆರಿಕದಲ್ಲಿ ದೊಡ್ಡ ವಿಮಾನ ಕಂಪನಿಗಳೇ ಇಂಥ ಪೋರ್ಟಲ್ ಇಟ್ಟುಕೊಂಡಿವೆ. ನಮ್ಮಲ್ಲಿ ಈ ಆಟ ಹೆಚ್ಚಾಗಿ ಬ್ಯಾಂಕುಗಳ ಕೈಯಲ್ಲಿದೆ. ಎಚ್‌ಡಿಎಫ್‌ಸಿ ಬ್ಯಾಂಕಿನ ‘ಸ್ಮಾರ್ಟ್‌ಬೈ’ ಇದಕ್ಕೆ ಹೆಸರುವಾಸಿ. ಅಲ್ಲಿಂದ ಹೋಗಿ ಕೊಂಡರೆ ಕೆಲವು ಕಾರ್ಡುಗಳಿಗೆ ಐದು ಪಟ್ಟು, ಹತ್ತು ಪಟ್ಟು ಪಾಯಿಂಟು ಕೊಡುವ ಆಫರುಗಳು ಬರುತ್ತವೆ. ತಿಂಗಳಿಗೆ ಇಷ್ಟೇ ಅಂತ ಮಿತಿಯೂ ಇರುತ್ತದೆ. ಮೈಲು ಸೇರಿಸುವ ಕ್ಲಬ್ಬುಗಳು ಹಲವು. ಏರ್ ಇಂಡಿಯಾದ ಹಳೇ ‘ಫ್ಲೈಯಿಂಗ್ ರಿಟರ್ನ್ಸ್’ 2025ರಲ್ಲಿ ‘ಮಹಾರಾಜ ಕ್ಲಬ್’ ಆಯಿತು. ಇಂಡಿಗೋ 2024ರಲ್ಲಿ ‘ಬ್ಲೂಚಿಪ್’ ಅಂತ ತನ್ನದೊಂದು ಶುರು ಮಾಡಿತು.

ಈ ಮೈಲಿನ ವಹಿವಾಟು ಇಂದು ನಿನ್ನೆಯದಲ್ಲ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ‘ಅಡ್ವಾಂಟೇಜ್’ ಯೋಜನೆ ತಂದಾಗ ಅದು ಪದೇ ಪದೇ ಹಾರುವವರಿಗೆ ಕೊಡುವ ಬಕ್ಷೀಸು ಮಾತ್ರ ಆಗಿತ್ತು. ಬರಬರುತ್ತ ವಿಮಾನ ಕಂಪನಿಗಳು ಮೈಲನ್ನೇ ಬ್ಯಾಂಕುಗಳಿಗೆ ಸಗಟು ಮಾರತೊಡಗಿದವು. 2020ರಲ್ಲಿ ಕೊರೊನಾ ಬಂದು ವಿಮಾನಗಳು ನೆಲ ಹಿಡಿದಾಗ, ಅಮೆರಿಕದ ಯುನೈಟೆಡ್ ಕಂಪನಿ ತನ್ನ ಮೈಲಿನ ಕ್ಲಬ್ಬನ್ನೇ ಅಡವಿಟ್ಟು ಶತಕೋಟಿಗಟ್ಟಲೆ ಡಾಲರ್ ಸಾಲ ಎತ್ತಿತು. ಪುಕ್ಕಟೆ ಹಂಚುವ ಪಾಯಿಂಟಿಗೆ ಅಷ್ಟು ಸಾಲ ಹುಟ್ಟುವುದಾದರೆ, ಅದು ಪುಕ್ಕಟೆ ಅಲ್ಲ ಅಂತ ಬೇರೆ ಹೇಳಬೇಕಿಲ್ಲ.

ಕಂಪನಿಯ ಲೆಕ್ಕ ತಪ್ಪಿದ್ದೂ ಉಂಟು

ಅಗ್ಗದ ಮೈಲಿನ ಪುರಾಣದಲ್ಲಿ ಒಬ್ಬ ಮೂಲಪುರುಷ ಇದ್ದಾನೆ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್. 1999ರಲ್ಲಿ ತಿಂಡಿ ಮಾಡುವ ಕಂಪನಿಯೊಂದು ತನ್ನ ಪೊಟ್ಟಣಗಳ ಲೇಬಲ್ ಕಳಿಸಿದವರಿಗೆ ವಿಮಾನದ ಮೈಲು ಕೊಡುವುದಾಗಿ ಪ್ರಕಟಿಸಿತು. ಬೇಗ ಕಳಿಸಿದರೆ ದುಪ್ಪಟ್ಟು, ಅಂದರೆ ಹತ್ತು ಲೇಬಲ್ಲಿಗೆ ಸಾವಿರ ಮೈಲು. ಫಿಲಿಪ್ಸ್ ಅಂಗಡಿ ಅಂಗಡಿ ಹುಡುಕಿ, 25 ಸೆಂಟಿಗೊಂದರಂತೆ ಸಿಗುತ್ತಿದ್ದ ಪುಡ್ಡಿಂಗ್ ಎಂಬ ಸಿಹಿತಿಂಡಿಯ ಬಟ್ಟಲುಗಳನ್ನು ಲಾರಿ ಲೆಕ್ಕದಲ್ಲಿ ಕೊಂಡ. ಒಟ್ಟು 12,150 ಬಟ್ಟಲು. ಖರ್ಚು 3,140 ಡಾಲರ್. ತಿನ್ನುವವರು ಯಾರು? ಧರ್ಮಸಂಸ್ಥೆಯೊಂದಕ್ಕೆ ತಿಂಡಿ ದಾನ ಕೊಟ್ಟು, ಅಲ್ಲಿನವರ ಕೈಯಲ್ಲೇ ಲೇಬಲ್ ಕೀಳಿಸಿದ. ಅವನ ಖಾತೆಗೆ ಬಿದ್ದದ್ದು 12 ಲಕ್ಷಕ್ಕೂ ಹೆಚ್ಚು ಮೈಲು.

ಅವನು ಗೆದ್ದದ್ದು ಯಾಕೆ? ಮೈಲಿಗೆ ಎಷ್ಟು ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕಿದ. ಆಫರ್ ಕೊಟ್ಟ ಕಂಪನಿ ಆ ಲೆಕ್ಕ ಹಾಕಿರಲಿಲ್ಲ. ಈಗಿನ ಕಂಪನಿಗಳು ಅಷ್ಟು ದಡ್ಡರಲ್ಲ. ಆಫರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹತ್ತು ಷರತ್ತು, ಅದರಲ್ಲಿ ಮೊದಲನೆಯದೇ ಗರಿಷ್ಠ ಮಿತಿ.

ಪಾಯಿಂಟಿನ ಓ.ಟಿ. ಎಷ್ಟು?

ಕಾಫಿ ವ್ಯಾಪಾರಿ ಚೀಲ ನೋಡಿ ರೇಟು ಹೇಳುವುದಿಲ್ಲ. ಚೀಲದೊಳಗಿನ ಚೆರಿ ಸಿಪ್ಪೆ ಬಿಟ್ಟ ಮೇಲೆ ಎಷ್ಟು ಬೀಜ ಸಿಗುತ್ತದೆ, ಔಟ್‌ಟರ್ನ್ ಎಷ್ಟು ಅಂತ ನೋಡಿ ಹೇಳುತ್ತಾನೆ. ಪಾಯಿಂಟಿಗೂ ಅದೇ ಓ.ಟಿ. ಲೆಕ್ಕ ಹಾಕಬೇಕು.

ಮಳೆಗಾಲದಲ್ಲಿ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹೊಡೆಯುವ ಮನೆಗೆ 20,000 ರೂಪಾಯಿಯ ವಾಷಿಂಗ್ ಮಷಿನ್ ಬೇಕು ಅಂತ ಇಟ್ಟುಕೊಳ್ಳಿ. ಪೋರ್ಟಲ್ಲಿನವರು ನೂರು ರೂಪಾಯಿಗೆ 4 ಪಾಯಿಂಟು, ಕಾರ್ಡಿನವರು 2 ಪಾಯಿಂಟು ಕೊಡುತ್ತಾರೆ ಅಂತಲೂ ಇಟ್ಟುಕೊಳ್ಳಿ. ಒಟ್ಟು 1,200 ಪಾಯಿಂಟು. ಟಿಕೆಟ್ ತೆಗೆಯುವಾಗ ಒಂದು ಪಾಯಿಂಟು ಐವತ್ತು ಪೈಸೆಗೆ ಬಾಳಿದರೆ, ಗಿಟ್ಟಿದ್ದು 600 ರೂಪಾಯಿ. ಅದೇ ಮಷಿನ್ ಚಿಕ್ಕಮಗಳೂರಿನ ಎಂ.ಜಿ. ರೋಡಿನ ಅಂಗಡಿಯಲ್ಲಿ ಸಾವಿರ ರೂಪಾಯಿ ಕಮ್ಮಿಗೆ ಸಿಗುವುದಾದರೆ, ಮೈಲಿನ ಆಸೆಗೆ 400 ರೂಪಾಯಿ ಕೈಬಿಟ್ಟಂತಾಯಿತು. ಜೊತೆಗೆ ಕೆಟ್ಟರೆ ರಿಪೇರಿಗೆ ಬರುವವನು ಊರವನೇ.

ಇನ್ನೊಂದು ಲೆಕ್ಕ ಇದೆ. ಒಂದು ಟಿಕೆಟ್ಟಿಗೆ 12,000 ಪಾಯಿಂಟು ಬೇಕಾದರೆ ಇಂಥ ಹತ್ತು ಮಷಿನ್ ಕೊಳ್ಳಬೇಕು. ಯಾವ ತೋಟದ ಮನೆಯಲ್ಲಿ ಹತ್ತು ವಾಷಿಂಗ್ ಮಷಿನ್ ಇದೆ? ಆದ್ದರಿಂದ ಇದು ಒಂದೆರಡು ತಿಂಗಳ ಆಟ ಅಲ್ಲ. ಹೇಗೂ ಮಾಡಲೇಬೇಕಾದ ಖರ್ಚನ್ನೆಲ್ಲ, ಹಬ್ಬದ ಹೊತ್ತಿಗೆ ಪಾಯಿಂಟು ದುಪ್ಪಟ್ಟಾದಾಗ, ಸರಿಯಾದ ಬಾಗಿಲಿಂದ ಹೋಗಿ ಮಾಡುವವನಿಗೆ ಮಾತ್ರ ಗಿಟ್ಟುವ ಆಟ. ಟಿಕೆಟ್ ಪಾಯಿಂಟಿನಲ್ಲಿ ತೆಗೆದರೂ ತೆರಿಗೆ, ಸರ್‌ಚಾರ್ಜು ರೊಕ್ಕದಲ್ಲೇ ಕಟ್ಟಬೇಕು. ಅದನ್ನೂ ಓ.ಟಿ.ಯಲ್ಲಿ ಕಳೆಯಬೇಕು.

ಕುಯ್ಲು ವರ್ಷಕ್ಕೊಂದು, ಬಿಲ್ಲು ತಿಂಗಳಿಗೊಂದು

ಸಂಬಳದವನಿಗೂ ಬೆಳೆಗಾರನಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಬೆಂಗಳೂರಿನ ಮಗನಿಗೆ ತಿಂಗಳು ತಿಂಗಳು ಸಂಬಳ. ಕಾರ್ಡಿನ ಬಿಲ್ಲೂ ತಿಂಗಳು ತಿಂಗಳು. ತೂಗಿ ಹೋಗುತ್ತದೆ. ಅಪ್ಪನ ಕೈಗೆ ದುಡ್ಡು ಬರುವುದು ಕಾಫಿ ಕುಯ್ದು, ಕಣದಲ್ಲಿ ಒಣಗಿಸಿ, ಮಾರಿದ ಮೇಲೆ. ವರ್ಷಕ್ಕೊಮ್ಮೆ. 2024-25ರ ಹಂಗಾಮಿನಂತೆ ರೇಟು ದಾಖಲೆ ಮಟ್ಟಕ್ಕೆ ಹೋದ ವರ್ಷ ಚಿಂತೆ ಇಲ್ಲ. ಹೂವಿನ ಮಳೆ ಕೈಕೊಟ್ಟ ವರ್ಷ?

ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟಿನ ಆಸುಪಾಸು ಬಡ್ಡಿ, ಅಂದರೆ ವರ್ಷಕ್ಕೆ ನಲವತ್ತರ ಹತ್ತಿರ. ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮೇಲಿನ 20,000ವನ್ನು ಒಂದೇ ಒಂದು ತಿಂಗಳು ಬಾಕಿ ಇಟ್ಟರೆ 700 ರೂಪಾಯಿ ಬಡ್ಡಿ, 126 ರೂಪಾಯಿ ತೆರಿಗೆ. ಆರುನೂರರ ಮೈಲಿಗೆ 826ರ ದಂಡ. ಬ್ಯಾಂಕ್ ಸಾಲಕ್ಕೆ ಸರ್ಫೇಸಿ ಕಾಯ್ದೆಯಡಿ ತೋಟ ಹರಾಜಿಗೆ ಬಂದದ್ದನ್ನು ಕಂಡಿರುವ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳಬರಿಗೆ ಗೊತ್ತಿರುವ ಪಾಯಿಂಟು

ಪಾಯಿಂಟು ಅಂದ ಕೂಡಲೆ ಎಪ್ಪತ್ತು ದಾಟಿದ ಬೆಳೆಗಾರರ ಮುಖದಲ್ಲಿ ಒಂದು ನಗು ಮೂಡಿದರೆ ಅದಕ್ಕೆ ಕಾರಣ ಇದೆ. ಅವರ ಕಾಲದಲ್ಲೂ ಪಾಯಿಂಟು ಇತ್ತು.

1942ರ ಕಾಫಿ ಕಾಯ್ದೆಯ ಕೆಳಗೆ, ಮನೆಗೆ ಮತ್ತು ಬೀಜಕ್ಕೆ ಬೇಕಾದಷ್ಟು ಬಿಟ್ಟು ಉಳಿದ ಕಾಫಿಯನ್ನೆಲ್ಲ ಬೆಳೆಗಾರ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಕ್ಯೂರಿಂಗ್ ವರ್ಕ್ಸಿನಲ್ಲಿ ಗ್ರೇಡ್ ಆಗಿ, ಜಾತಿಗೆ, ದರ್ಜೆಗೆ ತಕ್ಕಂತೆ ಪಾಯಿಂಟು ಬೀಳುತ್ತಿತ್ತು. ಮಂಡಳಿ ಕಾಫಿ ಮಾರಿ, ಬಂದ ಹಣವನ್ನು ಒಟ್ಟು ಮಾಡಿ, ಪಾಯಿಂಟಿಗೆ ಇಷ್ಟು ಅಂತ ಕಂತು ಕಂತಾಗಿ ಕೊಡುತ್ತಿತ್ತು. ಈ ವರ್ಷದ ಬೆಳೆಯ ಕೊನೇ ಕಂತಿಗೆ ಬೆಳೆಗಾರ ಮುಂದಿನ ಬೆಳೆ ಬರುವವರೆಗೂ ಬಾಯಿ ಬಿಟ್ಟುಕೊಂಡು ಕಾಯುವ ಪರಿಸ್ಥಿತಿ. ತನ್ನ ಪಾಯಿಂಟಿಗೆ ಎಷ್ಟು ಬೆಲೆ ಅಂತ ಕಾಫಿ ಕೊಡುವಾಗ ಅವನಿಗೆ ಗೊತ್ತಿರುತ್ತಿರಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಈ ಕಟ್ಟು ಹಂತ ಹಂತವಾಗಿ ಸಡಿಲಾಯಿತು. 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಮುಕ್ತ ಮಾರಾಟ ಬಂತು.

ಪೂಲ್ ಕೆಟ್ಟದ್ದೇ ಅಂತ ಅಲ್ಲ. ರೇಟು ಬಿದ್ದ ಕಾಲದಲ್ಲಿ ಅದೇ ಆಸರೆ ಅಂದವರೂ ಇದ್ದರು. ಆ ಪಾಯಿಂಟಿನ ಹಿಂದೆ ಗೋದಾಮಿನಲ್ಲಿ ಕಾಫಿ ಇತ್ತು, ಪಾರ್ಲಿಮೆಂಟಿನ ಕಾಯ್ದೆ ಇತ್ತು, ಮಂಡಳಿಯಲ್ಲಿ ಬೆಳೆಗಾರರ ಪ್ರತಿನಿಧಿ ಇದ್ದ. ವಿಮಾನದ ಪಾಯಿಂಟಿನ ಹಿಂದೆ ಏನಿದೆ? “ಷರತ್ತುಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು” ಎಂಬರ್ಥದ ಒಂದು ಸಾಲು.

ಬದಲಿಸಿಯೂ ಇದ್ದಾರೆ. ಆಕ್ಸಿಸ್ ಬ್ಯಾಂಕಿನ ಸಾಮಾನ್ಯ ‘ಮ್ಯಾಗ್ನಸ್’ ಕಾರ್ಡಿನಲ್ಲಿ 5 ಪಾಯಿಂಟು ಕೊಟ್ಟರೆ 4 ಮೈಲು ಸಿಗುತ್ತಿತ್ತು. 2023ರ ಸೆಪ್ಟೆಂಬರ್ 1ರಿಂದ 5ಕ್ಕೆ 2 ಆಯಿತು. ಲಕ್ಷ ಪಾಯಿಂಟು ಕೂಡಿಸಿ ಇಟ್ಟುಕೊಂಡವನ 80,000 ಮೈಲು ಬೆಳಗಾಗುವುದರೊಳಗೆ 40,000 ಆಯಿತು. ಕಳ್ಳ ಬಂದಿಲ್ಲ, ಬೀಗ ಒಡೆದಿಲ್ಲ.

ಕಂಪನಿಯೇ ಮುಳುಗಿದರೆ? ಪಕ್ಕದ ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿ, ಒಂದು ರೂಪಾಯಿ ಟಿಕೆಟ್ ತೋರಿಸಿ, ಪಾಯಿಂಟಿನ ಹಂಗಿಲ್ಲದೆ ಸಾಮಾನ್ಯರನ್ನು ವಿಮಾನ ಹತ್ತಿಸಿದ್ದರು. ಅದು ಮುಂದೆ ಕಿಂಗ್‌ಫಿಷರ್ ತೆಕ್ಕೆಗೆ ಹೋಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರೇ ನೆಲ ಹಿಡಿಯಿತು. ಅದರ ಮೈಲು ಕೂಡಿಸಿದವರಿಗೆ ಉಳಿದದ್ದು ಪ್ಲಾಸ್ಟಿಕ್ ಕಾರ್ಡು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು. ಅದರ ಮೈಲಿನ ಕ್ಲಬ್ ಬೇರೆ ಕಂಪನಿಯಾಗಿದ್ದರಿಂದ ‘ಇಂಟರ್‌ಮೈಲ್ಸ್’ ಅಂತ ಹೆಸರು ಬದಲಿಸಿ ಜೀವ ಉಳಿಸಿಕೊಂಡಿತು. ಆದರೆ ಹತ್ತಲು ಜೆಟ್ ವಿಮಾನ ಇರಲಿಲ್ಲ. ವಿಸ್ತಾರದವರು ಪುಣ್ಯವಂತರು. 2024ರ ನವೆಂಬರಿನಲ್ಲಿ ಅದು ಏರ್ ಇಂಡಿಯಾದೊಳಗೆ ಸೇರಿದಾಗ ಪಾಯಿಂಟಿಗೆ ಪಾಯಿಂಟು ಸಿಕ್ಕಿತು.

ಟವರ್ ಇಲ್ಲದ ಊರಿನ ಪಾಡು

ಪೋರ್ಟಲ್ಲಿನ ಲಿಂಕ್ ಒತ್ತಿದ ಕೂಡಲೆ ಗಿರಾಕಿಯ ಹಿಂದೆ ಒಂದು ಗುರುತು ಅಂಟಿಕೊಳ್ಳುತ್ತದೆ. ಆ ಗುರುತು ಬಿಲ್ ಕಟ್ಟುವವರೆಗೂ ಉಳಿದರೆ ಮಾತ್ರ ಪಾಯಿಂಟು. ನಡುವೆ ನೆಟ್‌ವರ್ಕ್ ಹೋಗಿ ಮತ್ತೆ ಬೇರೆ ಕಡೆಯಿಂದ ಆ್ಯಪ್ ತೆರೆದರೆ ಗುರುತು ಅಳಿಸಿಹೋಗಬಹುದು. ಒಟಿಪಿ ಬರಲಿ ಅಂತ ಗುಡ್ಡ ಹತ್ತುವ ಮನೆಗಳಿರುವ ಕಳಸ, ಮೂಡಿಗೆರೆ ಕಡೆಯಲ್ಲಿ ಇದು ದಿನದ ಪಾಡು. ಪಾಯಿಂಟೂ ಕೂಡಲೆ ಬೀಳುವುದಿಲ್ಲ. ಮಾಲು ವಾಪಸ್ ಮಾಡುವ ಗಡುವು ಕಳೆದ ಮೇಲೆ ಬೀಳುತ್ತದೆ. ಆರ್ಡರಿನ ಚಿತ್ರ ಇಟ್ಟುಕೊಳ್ಳದವನು ಕೇಳುವ ಹಕ್ಕು ಕಳಕೊಂಡ ಹಾಗೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. “ನಿಮ್ಮ ರಿವಾರ್ಡ್ ಪಾಯಿಂಟು ಇವತ್ತು ರಾತ್ರಿ ಮುಗಿಯುತ್ತೆ, ಈ ಲಿಂಕ್ ಒತ್ತಿ” ಅಂತ ಬ್ಯಾಂಕಿನ ಹೆಸರಿನಲ್ಲಿ ಸಂದೇಶ ಬರುತ್ತದೆ. ಒತ್ತಿದರೆ ಒಂದು ಆ್ಯಪ್ ಇಳಿಯುತ್ತದೆ. ಅದರ ಹಿಂದೆಯೇ ಖಾತೆಯ ದುಡ್ಡು ಇಳಿಯುತ್ತದೆ. ಯಾವ ಬ್ಯಾಂಕೂ ಪಾಯಿಂಟಿಗಾಗಿ ಒಟಿಪಿ ಕೇಳಿ ಫೋನ್ ಮಾಡುವುದಿಲ್ಲ. ಮೋಸ ಹೋದವರು ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಮಾನ ಹೋಗುತ್ತೆ ಅಂತ ನಾಲ್ಕು ದಿನ ಸುಮ್ಮನಿದ್ದರೆ ದುಡ್ಡೂ ಹೋಗುತ್ತದೆ.

ಹಾಗಾದರೆ ಬೇಡವೇ?

ಬೇಡ ಅನ್ನುವುದೂ ತಪ್ಪು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಮ್ಮನ ಟಿಕೆಟ್ಟಿಗೆ ಮಕ್ಕಳು ಕೂಡಿಸಿದ ಮೈಲು ಒದಗಿದರೆ ಅದು ಸಣ್ಣ ಸಹಾಯ ಅಲ್ಲ. ಬಹಳಷ್ಟು ಕ್ಲಬ್ಬುಗಳಲ್ಲಿ ಒಬ್ಬರ ಮೈಲಿನಲ್ಲಿ ಇನ್ನೊಬ್ಬರಿಗೆ ಟಿಕೆಟ್ ತೆಗೆಯಬಹುದು. ಕೆಲವು ಕಡೆ ಮೊದಲೇ ನಾಮಿನಿ ಹೆಸರು ಬರೆಸಿರಬೇಕು. ಡಿಸೆಂಬರಿನಲ್ಲಿ ಮೈಲಿನ ಸೀಟಿಗೆ ನೂಕುನುಗ್ಗಲು. ಆಗ ಬೆಳೆಗಾರನೂ ಕುಯ್ಲು ಬಿಟ್ಟು ಕದಲುವ ಹಾಗಿಲ್ಲ. ಕುಯ್ಲು ಮುಗಿಸಿ, ಹೂವಿಗೆ ನೀರು ಹೊಡೆದು ಹೊರಡುವವನಿಗೆ ಸೀಟು ಸಿಗುವ ಸಂಭವ ಹೆಚ್ಚು.

ಮೈಲಿಗಾಗಿ ಏನನ್ನೂ ಕೊಳ್ಳಬಾರದು. ಕೊಳ್ಳಲೇಬೇಕಾದ್ದನ್ನು ರೇಟು ಹೋಲಿಸಿ ಕೊಳ್ಳಬೇಕು. ಕಾರ್ಡಿನ ಬಿಲ್ಲು ಗಡುವಿನೊಳಗೆ ಪೂರ್ತಿ ಕಟ್ಟಬೇಕು. ಕೂಡಿದ ಪಾಯಿಂಟನ್ನು ಬೇಗ ಖರ್ಚು ಮಾಡಬೇಕು. ಸಿಂಗಪುರ ಏರ್‌ಲೈನ್ಸಿನ ಮೈಲಿಗೆ ಮೂರೇ ವರ್ಷ ಆಯಸ್ಸು. ಉಳಿದವರದ್ದು ಒಬ್ಬೊಬ್ಬರದು ಒಂದೊಂದು ಕಾನೂನು.

ಕಾಫಿಯನ್ನಾದರೆ ರೇಟು ಬರಲಿ ಅಂತ ಗೋದಾಮಿನಲ್ಲಿ ಇಟ್ಟು ಕಾಯಬಹುದು. ಪಾಯಿಂಟು ಕಾದರೆ ಹಣ್ಣಾಗುವ ಮಾಲಲ್ಲ. ಅದರ ರೇಟು ಬರೆಯುವ ಪೆನ್ನು ಕೊಟ್ಟವನ ಜೇಬಿನಲ್ಲೇ ಇದೆ.