ವಾದವೂ ತಕರಾರೂ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕಟ್ಟೆಗಳಲ್ಲಿ ಮಾತು ಬಿಸಿಯಾದಾಗ ಹಿರಿಯರು, ‘ತಮ್ಮಾ, ಸುಮ್ಮನ ತಕರಾರ ತೆಗೀಬ್ಯಾಡ’ ಎನ್ನುತ್ತಾರೆ. ಓದಿದವರಾದರೆ ‘ವಿತಂಡವಾದ ಬೇಡ’ ಎಂದಾರು. ಹೀಗೆ ಕೇಳಿ ಕೇಳಿ ವಾದವೆಂದರೆ ಜಗಳವೇ ಎಂಬ ಭಾವನೆ ಬೆಳೆದುಬಿಟ್ಟಿದೆ. ಮೂಲದಲ್ಲಿ ಅದು ಹಾಗಿರಲಿಲ್ಲ.

‘ನುಡಿ’ ಎಂಬರ್ಥದ ಸಂಸ್ಕೃತ ಧಾತು ‘ವದ್’ನಿಂದ ಬಂದದ್ದು ವಾದ. ಗೌತಮನ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಪ್ರಮಾಣ, ತರ್ಕಗಳನ್ನು ಮುಂದಿಟ್ಟು ಸತ್ಯವನ್ನು ತಿಳಿಯಲು ನಡೆಸುವುದು ವಾದ. ಅದು ಗುರುಶಿಷ್ಯರ ನಡುವೆಯೂ ನಡೆಯಬಹುದು; ಅಲ್ಲಿ ಸೋತವನಿಗೂ ಲಾಭವೇ. ಗೆಲ್ಲಲೇಬೇಕೆಂದು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡವುತ್ತ ಹೋಗುವುದು ವಿತಂಡ.

ಜಲ್ಪದ ಒಂದು ಆಯುಧ ‘ಛಲ’. ಇದು ಹಟವಲ್ಲ, ಮಾತಿನ ಮೋಸ. ವಾತ್ಸ್ಯಾಯನನ ಭಾಷ್ಯದಲ್ಲಿ ಒಂದು ಉದಾಹರಣೆಯಿದೆ. ‘ನವಕಂಬಳ’ ಹೊದ್ದವನು ಎಂದರೆ ಹೊಸ ಕಂಬಳಿಯವನು. ಎದುರಾಳಿ ‘ನವ’ವನ್ನು ಒಂಬತ್ತೆಂದು ಹಿಡಿದು, ‘ಇರುವುದು ಒಂದೇ, ಒಂಬತ್ತೆಲ್ಲಿ?’ ಎನ್ನುತ್ತಾನೆ. ಸಭೆ ನಕ್ಕೀತು; ವಿಷಯ ಮಾತ್ರ ಮುಂದೆ ಸರಿಯದು.

ಈ ಸೀಮೆಗೆ ವಾದ ಹೊಸತಲ್ಲ. ಸುರಪುರ ಭಾಗದ ಮುದನೂರು ವಚನಕಾರ ದಾಸಿಮಯ್ಯನ ಊರೆಂದು ಹೆಸರಾದದ್ದು. ಚಾಲುಕ್ಯ ಜಯಸಿಂಹನ ಕಾಲದಲ್ಲಿ ದಾಸಿಮಯ್ಯ ಜೈನರನ್ನು ವಾದದಲ್ಲಿ ಗೆದ್ದನೆಂದು ವೀರಶೈವ ಪುರಾಣಗಳು ಹೇಳುತ್ತವೆ. ಅದೇ ಜಯಸಿಂಹನ ಕಾಲದಲ್ಲಿ, 1025ರಲ್ಲಿ ‘ಪಾರ್ಶ್ವನಾಥಚರಿತ’ವನ್ನು ಮುಗಿಸಿದ ಜೈನ ವಾದಿರಾಜ, ಅಕಲಂಕನ ತರ್ಕಗ್ರಂಥ ‘ನ್ಯಾಯವಿನಿಶ್ಚಯ’ಕ್ಕೆ ವಿವರಣೆ ಬರೆದವನು. ಪುರಾಣದ ಕಥೆಯಲ್ಲಿ ಗೆಲುವನ್ನು ನಿರ್ಣಯಿಸುವುದು ಪವಾಡ. ತರ್ಕಗ್ರಂಥದಲ್ಲಿ ಹೇತು, ಎಂದರೆ ಕಾರಣ. ಪವಾಡದ ಮುಂದೆ ಕೈಮುಗಿಯಬೇಕು. ಕಾರಣದ ಮುಂದೆ ಮರುಪ್ರಶ್ನೆ ಹಾಕಬಹುದು.

ಇನ್ನು ತಕರಾರು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ನೆಲದಲ್ಲಿ ಕಚೇರಿಯ ಭಾಷೆ ಉರ್ದು. ಆ ಭಾಷೆಯ ‘ತಕ್ರಾರ್’ಗೆ ಜಗಳ ಎಂದರ್ಥ, ಅದರ ಅರಬ್ಬಿ ಮೂಲಕ್ಕೆ ‘ಪುನರಾವರ್ತನೆ’ ಎಂದರ್ಥ. ಹೇಳಿದ್ದನ್ನೇ ಹೇಳುತ್ತ ಹೋದರೆ ಅದು ಜಗಳವಾಗದೆ ಇನ್ನೇನಾದೀತು? ವಾದದಲ್ಲಾದರೋ ಪ್ರತಿ ಮಾತಿಗೂ ಹೊಸ ಕಾರಣ ಬೇಕು, ಎದುರಿನವನು ಹೇಳಿದ್ದನ್ನು ಕೇಳಿಸಿಕೊಂಡಿರಬೇಕು.

ಕಟ್ಟೆಯ ಹಿರಿಯರ ಬುದ್ಧಿಮಾತು ಸರಿಯೇ. ತಕರಾರು ಬೇಡ. ಆದರೆ ಅದಕ್ಕೆ ಹೆದರಿ ವಾದವನ್ನೂ ಬಿಟ್ಟರೆ, ನಮ್ಮ ತಪ್ಪನ್ನು ನಮಗೆ ತಿಳಿಸುವವರು ಯಾರು?