ದೆಹಲಿಯ ಚಳಿ, ಅಪ್ಪನ ಹೃದಯ ಮತ್ತು ಕರೆಂಟ್ ಬಿಲ್ಲು



ಜನವರಿಯ ಒಂದು ಬೆಳಗಿನ ಜಾವ ಎದೆನೋವೆಂದು ಒಬ್ಬ ಹಿರಿಯರು ಬಂದರು. ಧಾರವಾಡದ ಕಡೆಯವರು, ದೆಹಲಿಯಲ್ಲಿ ಮಗನ ಬಾಡಿಗೆ ಮನೆಗೆ ಬಂದು ಎರಡು ತಿಂಗಳಾಗಿತ್ತು. ಹಾರ್ಟ್ ಅಟ್ಯಾಕ್. ಸಮಯಕ್ಕೆ ಬಂದಿದ್ದರಿಂದ ಉಳಿದರು. ಮನೆಯಲ್ಲಿ ಹೀಟರ್ ಇತ್ತಂತೆ. "ಯಾಕ ಹಚ್ಚಲಿಲ್ರಿ?" ಎಂದೆ. "ಮಗಗ ಬಿಲ್ ಭಾಳ ಬರ್ತದ್ರಿ ಡಾಕ್ಟರ್ರ" ಎಂದರು.

*ಚಳಿ ಹೃದಯಕ್ಕೆ ಏನು ಮಾಡುತ್ತದೆ?*

ಮೈಯ ಬಿಸಿ ಉಳಿಸಿಕೊಳ್ಳಲು ರಕ್ತನಾಳಗಳು ಕಿರಿದಾಗುತ್ತವೆ. ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಮೊದಲೇ ಬ್ಲಾಕ್ ಇದ್ದವರಿಗೆ ಇದು ಅಪಾಯ. ಚಳಿಯ ಊರುಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಇಂಗ್ಲೆಂಡಿನಲ್ಲಿ ಏಳು ದಿನ ಸತತವಾಗಿ ಸರಾಸರಿ ತಾಪಮಾನ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಕೆಲವು ಭತ್ಯೆ ಪಡೆಯುವ ಬಡವರ ಖಾತೆಗೆ ಸರ್ಕಾರ 25 ಪೌಂಡ್ ಹಾಕುತ್ತದೆ.

*ದೆಹಲಿಯಲ್ಲಿ ನಮಗೇನಿದೆ?*

✅ ಹೀಟರಿಗೆಂದೇ ಹಣವಿಲ್ಲ, ಆದರೆ ವಿದ್ಯುತ್ ಸಬ್ಸಿಡಿ ಇದೆ. ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಸೊನ್ನೆ. 201ರಿಂದ 400ರವರೆಗೆ ಅರ್ಧ ರಿಯಾಯಿತಿ, ಗರಿಷ್ಠ 800 ರೂಪಾಯಿ. 2022ರಿಂದ ಇದಕ್ಕೆ ಅರ್ಜಿ ಹಾಕಬೇಕು. ಹಾಕಿದ್ದೀರಾ, ಬಿಲ್ ನೋಡಿ.

✅ ಲೆಕ್ಕ ಸುಲಭ. 1000 ವ್ಯಾಟ್ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೆ ಎರಡು ಗಂಟೆಯೆಂದರೆ ತಿಂಗಳಿಗೆ 60 ಯೂನಿಟ್. ಫ್ಯಾನು, ಕೂಲರ್ ನಿಂತಿರುವ ಚಳಿಗಾಲದಲ್ಲಿ ಸಣ್ಣ ಸಂಸಾರಕ್ಕೆ ಇದು ಭಾರವಾಗಲಿಕ್ಕಿಲ್ಲ.

✅ ಬಾಡಿಗೆದಾರರೇ, ಮಾಲೀಕರ ಸಬ್-ಮೀಟರಿನಲ್ಲಿದ್ದರೆ ಈ ಲಾಭ ನಿಮ್ಮ ಕೈಗೆ ಬರುವುದಿಲ್ಲ. ಬಾಡಿಗೆ ಕರಾರು ತೋರಿಸಿ ನಿಮ್ಮ ಹೆಸರಿನಲ್ಲೇ ಪ್ರೀಪೇಯ್ಡ್ ಮೀಟರ್ ಪಡೆಯುವ ಯೋಜನೆ 2019ರಲ್ಲಿ ಬಂದಿದೆ. ನಿಮ್ಮ ವಿದ್ಯುತ್ ಕಂಪನಿಯಲ್ಲಿ ವಿಚಾರಿಸಿ.

✅ ನಿಮ್ಮ ಸೊಸೈಟಿಯ ವಾಚ್‌ಮನ್ ರಾತ್ರಿ ಕಸ ಸುಟ್ಟು ಚಳಿ ಕಾಯಿಸುತ್ತಾರೆಯೇ? ವಾಯುಮಾಲಿನ್ಯ ತಡೆಯುವ ಗ್ರಾಪ್ ನಿಯಮಗಳ ಪ್ರಕಾರ ಅವರಿಗೆ ಎಲೆಕ್ಟ್ರಿಕ್ ಹೀಟರ್ ಕೊಡಬೇಕಾದದ್ದು ನಿವಾಸಿಗಳ ಸಂಘ. ಮೀಟಿಂಗಿನಲ್ಲಿ ಕೇಳಿ.

✅ ಬೀದಿಯಲ್ಲಿ ಮಲಗಿದವರನ್ನು ಕಂಡರೆ ಹತ್ತಿರದ ರೈನ್ ಬಸೇರಾ ತೋರಿಸಿ. ಅಲ್ಲಿ ರಾತ್ರಿ ತಂಗಲು ದುಡ್ಡು ಕೊಡಬೇಕಿಲ್ಲ.

❌ *ಉಳಿತಾಯಕ್ಕೆಂದು ಬಾಗಿಲು ಮುಚ್ಚಿ ಇದ್ದಿಲಿನ ಅಂಗೀಠಿ ಇಡಬೇಡಿ.* ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಮಲಗಿದವರು ಏಳುವುದಿಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದರೆ ತಕ್ಷಣ ಹೊರಗೆ ಬನ್ನಿ.

*ಮನೆಯ ಹಿರಿಯರಿಗೆ*

• ಮಲಗುವ ಮುಂಚೆ ಒಂದು ಗಂಟೆ, ಎದ್ದ ಮೇಲೆ ಒಂದು ಗಂಟೆ ಹೀಟರ್ ಹಚ್ಚಿ. ನಿದ್ದೆ ಮಾಡುವಾಗ ಆರಿಸಿ.
• ಟೋಪಿ, ಸಾಕ್ಸ್ ಹಾಕಿಕೊಂಡೇ ಮಲಗಿ.
• ವಾಕಿಂಗ್ ಬಿಸಿಲು ಬಂದ ಮೇಲೆ.
• ಬಿಪಿ ಮಾತ್ರೆ ತಪ್ಪಿಸಬೇಡಿ, ವಾರಕ್ಕೊಮ್ಮೆ ಬಿಪಿ ನೋಡಿಸಿ.
• ಎದೆಬಿಗಿತ, ಬೆವರು, ಎಡಗೈ ಅಥವಾ ದವಡೆ ನೋವು ಬಂದರೆ ಗ್ಯಾಸ್ ಅಂದುಕೊಳ್ಳಬೇಡಿ. 112ಕ್ಕೆ ಕರೆ ಮಾಡಿ, ಕೂಡಲೇ ಇಸಿಜಿ ಮಾಡಿಸಿ.

ಊರಿಂದ ಬಂದ ಅಪ್ಪ ಅಮ್ಮ ತಾವಾಗಿ ಹೀಟರ್ ಹಚ್ಚುವುದಿಲ್ಲ, ಮಕ್ಕಳ ಖರ್ಚು ನೋಡುತ್ತಾರೆ. ಸ್ವಿಚ್ ನೀವೇ ಹಾಕಿ. ಆ ಹಿರಿಯರ ಮಗ ಈಗ ಹಾಗೆಯೇ ಮಾಡುತ್ತಿದ್ದಾನೆ.

🙏 ದೆಹಲಿಯಲ್ಲಿರುವ ನಿಮ್ಮ ಕನ್ನಡ ಬಳಗಕ್ಕೆ ತಪ್ಪದೆ ಕಳಿಸಿ.