ವ್ಯಸನಮುಕ್ತಿ ಚಿಕಿತ್ಸೆ: ಎಲ್ಲಿಗೆ ಹೋಗಬೇಕು, ಖರ್ಚು ಹೇಗೆ?

ಮನೆಯಲ್ಲೊಬ್ಬರು ಕುಡಿತಕ್ಕೋ ಮಾದಕ ವಸ್ತುವಿಗೋ ದಾಸರಾದರೆ ಅನೇಕ ಕುಟುಂಬಗಳು ಮೊದಲು ವಿಷಯವನ್ನು ಮುಚ್ಚಿಡುತ್ತವೆ. ಮದ್ಯತ್ಯಾಗವನ್ನು ಶ್ರಾವಕರ ಮೂಲಗುಣವೆಂದು ಎಣಿಸುವ ಜೈನ ಸಮಾಜದಲ್ಲಿ ಈ ಸಂಕೋಚ ಇನ್ನೂ ಹೆಚ್ಚು. ಕೊನೆಗೆ ದೂರದ ಖಾಸಗಿ ಕೇಂದ್ರಕ್ಕೆ ಗುಟ್ಟಾಗಿ ಸೇರಿಸಿ, ಸಾಲ ಮಾಡಿ ಹಣ ಕಟ್ಟುವುದೂ ಉಂಟು. ಅದಕ್ಕಿಂತ ಮೊದಲು ಸರ್ಕಾರಿ ವೈದ್ಯರನ್ನು ಕಾಣುವುದು ಒಳ್ಳೆಯದು.

ಮೊದಲ ಹೆಜ್ಜೆ ದೂರವಾಣಿ ಕರೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಡಿಮ್ಹಾನ್ಸ್ ಕಡಿಮೆ ಖರ್ಚಿನ ದಾರಿಗಳು. ಕೇಂದ್ರದ ಅನುದಾನದಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ.

ವರ್ಷಗಳಿಂದ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ವ್ರತ ತೊಡುವ ಮುನ್ನ ವೈದ್ಯರ ಸಲಹೆ ಅಗತ್ಯ. ನಂತರ ಮನಸ್ಸು ಗಟ್ಟಿಗೊಳಿಸಲು ವ್ರತ, ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ, ಶುಲ್ಕವಿಲ್ಲದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ನೆರವಾಗುತ್ತವೆ.

ಹಣದ ವಿಷಯದಲ್ಲಿ ಎರಡು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೇಕಾದ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ ಎಂದು ಸರ್ಕಾರಿ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಬೇಕು. ಖಾಸಗಿ ವಿಮೆಯಿದ್ದರೆ ಪಾಲಿಸಿಯ ಹೊರಗಿಡುವಿಕೆ ಪಟ್ಟಿಯನ್ನು ಓದಬೇಕು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿದರೂ, ಅನೇಕ ಪಾಲಿಸಿಗಳು ಸಂಕೇತ 12ರಡಿ ವ್ಯಸನದ ಚಿಕಿತ್ಸೆಯನ್ನು ಕೈಬಿಟ್ಟಿರುತ್ತವೆ.

ಖಾಸಗಿ ಕೇಂದ್ರವೇ ಬೇಕೆಂದಾದರೆ ಮುಂಗಡ ಕಟ್ಟುವ ಮೊದಲು ಕೇಳಬೇಕಾದ್ದು: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ? ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಔಷಧಿ, ಪರೀಕ್ಷೆ, ಊಟ ಶುಲ್ಕದಲ್ಲಿ ಸೇರಿವೆಯೇ? ಮನೆಯವರ ಭೇಟಿಗೆ ಅವಕಾಶವಿದೆಯೇ? ಮನೆಯವರು ಹಣ ಕಟ್ಟಿದರೆಂಬ ಕಾರಣಕ್ಕೆ ರೋಗಿಯನ್ನು ಕೂಡಿಹಾಕಿ ಹೊಡೆಯುವ ಅಧಿಕಾರ ಯಾವ ಕೇಂದ್ರಕ್ಕೂ ಇಲ್ಲ.

ಬಿಟ್ಟವರು ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ. ಹಾಗಾದಾಗ ವ್ರತಭಂಗವೆಂದು ದೂರವಿಡದೆ ಮತ್ತೆ ಅದೇ ವೈದ್ಯರ ಬಳಿ ಕರೆದೊಯ್ಯಬೇಕು. ಎಲ್ಲ ಹಣವನ್ನೂ ಮೊದಲ ತಿಂಗಳಲ್ಲೇ ಖರ್ಚು ಮಾಡದೆ, ಮುಂದಿನ ಔಷಧಿ ಮತ್ತು ಭೇಟಿಗಳಿಗಾಗಿ ಒಂದಿಷ್ಟನ್ನು ಉಳಿಸಿಕೊಳ್ಳುವುದು ಜಾಣತನ.